ಗಂಗಣ್ಣನ ಮೂರು ಬೆರಳು

ನಮ್ಮಣ್ಣ ಗಂಗಣ್ಣ ವಿಭೂತಿ ಗಟ್ಟಿಯನ್ನು ಕೊಬ್ಬರಿ ಚೂರಿನಂತೆ ಕಚ್ಚಿ ತಿಂದ. ಕಾಯಿಲೆಯ ಲಕ್ಷಣವಾಗಿ ಮೊದಲು ಕಂಡದ್ದು ಅದು.

ಬೆಳಿಗ್ಗೆ ಪೂಜೆ ಮುಗಿಸಿ ಮನೆಯವರಿಗೆಲ್ಲ, ಬಂದ ನೆಂಟರಿಗೂ ಹಾಲಿನವನಿಗೂ, ಮೂರು ಬೆರಳಿನಲ್ಲಿ ವಿಭೂತಿ ಹಚ್ಚುವುದು ಗಂಗಣ್ಣನ ಕೆಲಸ. ಹಚ್ಚಿ, ತಿಂಡಿಗೆ ಕರೆಯುವುದೂ ಅವನೇ. ಡೌನ್ ಸಿಂಡ್ರೋಮ್ ಇದ್ದ ಅವನಿಗೆ ಅಕ್ಷರ ಹತ್ತಲಿಲ್ಲ; ಈ ಕೆಲಸ ಮಾತ್ರ ಎಂದೂ ತಪ್ಪಲಿಲ್ಲ. ಅವನು ಹಚ್ಚದೆ ಗುಬ್ಬಿಯ ನಮ್ಮ ಮನೆಯಲ್ಲಿ ಯಾರೂ ತಿಂಡಿ ಮುಟ್ಟುತ್ತಿರಲಿಲ್ಲ.

ವಿಭೂತಿ ತಿಂದದ್ದು ತುಂಟತನವೆಂದು ಅವ್ವ ಗದರಿದಳು. ಆಮೇಲೆ ಅವನು ಗುಂಡಿ ಹಾಕುವುದು ಮರೆತ. ಬಚ್ಚಲಿನ ದಾರಿ ಮರೆತ. ಒಂದು ದಿನ ನಿಂತಲ್ಲೇ ಫಿಟ್ಸ್ ಬಂತು.

ತುಮಕೂರಿನ ನ್ಯೂರಾಲಜಿಸ್ಟ್ ಸ್ಕ್ಯಾನ್ ನೋಡಿ ಡಿಮೆನ್ಷಿಯಾ ಅಂದರು.

ನಲವತ್ತನಾಲ್ಕಕ್ಕೆ.

"ಡೌನ್ಸ್ ಇರೋರಿಗೆ ಇದು ಬೇಗ ಬರುತ್ತಮ್ಮ. ಮೆದುಳಲ್ಲಿ ಕಸ ತೆಗೆಯೋಕೆ ಇಮ್ಯೂನ್ ಸೆಲ್‌ಗಳಿರ್ತವೆ. ಇವರಲ್ಲಿ ಅವು ಕೆರಳಿ, ಚೆನ್ನಾಗಿರೋದನ್ನೂ ಹಾಳು ಮಾಡ್ತವೆ ಅಂತ ಈಗೀಗ ಹೇಳ್ತಿದಾರೆ."

ನನಗೆ ಅವ್ವನ ಕಷಾಯ ನೆನಪಾಯಿತು. ಚಿಕ್ಕಂದಿನಿಂದ ಅವನಿಗೆ ಸದಾ ನೆಗಡಿ, ಕಫ, ನ್ಯುಮೋನಿಯಾ. ರೋಗನಿರೋಧಕ ಶಕ್ತಿ ಬರಲಿ ಎಂದು ಅವ್ವ ದಿನಾ ಅಮೃತಬಳ್ಳಿ ಕಷಾಯ ಕುಡಿಸಿದ್ದಳು. ಅವಳಿಗೆ ಕೈಲಾಗದ ಮೇಲೆ ನಾನು. ಯಾವ ಶಕ್ತಿಗಾಗಿ ಅಷ್ಟು ಬೇಡಿಕೊಂಡಿದ್ದೆವೋ ಅದೇ ಅವನ ತಲೆಯೊಳಗೆ ತಿರುಗಿಬಿದ್ದಿತ್ತು.

"ಕಷಾಯದಿಂದಾನೇ ಆಯ್ತಾ ಡಾಕ್ಟ್ರೇ?"

"ಇಲ್ಲಮ್ಮ. ಹುಟ್ಟಿನಿಂದ ಬಂದಿರೋದು."

ಹಾಗಾದರೆ ಆ ಸೆಲ್‌ಗಳನ್ನು ಸುಮ್ಮನಾಗಿಸುವ ಮಾತ್ರೆ ಕೊಡಿ ಎಂದು ಗೋಗರೆದೆ. ಅಂಥದ್ದು ಇಲ್ಲವೆಂದರು. ಫಿಟ್ಸ್‌ಗಷ್ಟೇ ಬರೆದುಕೊಟ್ಟರು. ನನ್ನೊಬ್ಬಳನ್ನು ಮರೆಯದಿದ್ದರೆ ಸಾಕು ಎಂದು ದಾರಿಯಲ್ಲಿ ಕಂಡ ಗುಡಿಗಳಿಗೆಲ್ಲ ಕೈಮುಗಿದೆ. ಮನೆಗೆ ಬಂದವಳೇ ಹಿತ್ತಲಿನ ಅಮೃತಬಳ್ಳಿಯನ್ನು ಬೇರುಸಮೇತ ಕಿತ್ತೆಸೆದೆ. ಡಾಕ್ಟರು ಏನೇ ಹೇಳಿರಲಿ, ಸಿಟ್ಟು ಎಲ್ಲಾದರೂ ತೀರಬೇಕಿತ್ತು.

ಆಮೇಲೆ ಒಂದೊಂದೇ ಹೋಯಿತು. ನಮ್ಮ ಬೀದಿ, ಅವನ ಚಪ್ಪಲಿ, ಅವ್ವನ ಮುಖ. ವಿಭೂತಿಯನ್ನು ಈಗ ನಾನೇ ಅವನ ಹಣೆಗೆ ಹಚ್ಚುತ್ತೇನೆ.

ಮೊನ್ನೆ ಹಚ್ಚಲು ಬಗ್ಗಿದಾಗ ನನ್ನನ್ನೇ ದಿಟ್ಟಿಸಿದ.

"ಯಾರವ್ವಾ ನೀನು?"

"ಪುಟ್ಟಿ ಕಣಣ್ಣ, ನಿನ್ ತಂಗಿ."

ಗುರುತು ಹತ್ತಲಿಲ್ಲ. ಇದಕ್ಕೇ ನಾನು ಹೆದರಿದ್ದು.

ತಟ್ಟೆಯಲ್ಲಿದ್ದ ವಿಭೂತಿಗೆ ಕೈ ಹಾಕಿದ. ಬಾಯಿಗಿಟ್ಟುಕೊಳ್ಳುತ್ತಾನೆಂದು ತಡೆಯಹೋದೆ. ಅಷ್ಟರಲ್ಲಿ ಮೂರು ಬೆರಳುಗಳನ್ನು ನನ್ನ ಹಣೆಯ ಮೇಲೆ ಓರೆಯಾಗಿ ಎಳೆದ.

"ಬಂದೋರು ತಿಂಡಿ ತಿನ್ಕಂಡ್ ಹೋಗ್ಬೇಕು," ಅಂದ.

ಆಯ್ತಣ್ಣ ಅಂದೆ. ಅವನ ಪಕ್ಕದಲ್ಲೇ ಕೂತು ತಿಂದೆ.