ಜಲೀಲನ ದನಿ ಇಟ್ಟ ಜಾಗ

ಯಲ್ಲಾಪುರದಲ್ಲಿ ನಾಳೆ ನಲ್ಲಿ ನೀರು ಬರುವುದಿಲ್ಲ ಎಂದು ಊರಿಗೆ ಹೇಳುತ್ತಿದ್ದವನು ಜಲೀಲ್. ಯಾರಾದರೂ ತೀರಿಕೊಂಡರೆ ಅಂತ್ಯಕ್ರಿಯೆ ಎಷ್ಟು ಹೊತ್ತಿಗೆ ಎಂದು ಸಾರುತ್ತಿದ್ದವನೂ ಅವನೇ. ಆಟೋದ ತಲೆಗೆ ಲೌಡ್‌ಸ್ಪೀಕರ್ ಕಟ್ಟಿಕೊಂಡು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಮೈಕ್ ಹಿಡಿದು ಬಸ್ ನಿಲ್ದಾಣದಿಂದ ಕಾಳಮ್ಮನಗರದವರೆಗೆ ಸುತ್ತುತ್ತಿದ್ದ. ವಾಲಿಬಾಲ್ ಪಂದ್ಯಗಳ ಕಾಮೆಂಟರಿಗೆ ಸಿರ್ಸಿ, ಸಿದ್ದಾಪುರದಿಂದಲೂ ಕರೆ ಬರುತ್ತಿತ್ತು. ಮುಖ ನೋಡದವರೂ ಅವನ ದನಿ ಬಲ್ಲರು. ಊರಿನವರು ಅವನನ್ನು ಮೈಕ್ ಜಲೀಲ್ ಎಂದೇ ಕರೆಯುತ್ತಿದ್ದರು.

ಒಂದು ಮಳೆಗಾಲದಲ್ಲಿ ದನಿ ಒಡೆಯತೊಡಗಿತು. ಶೀತ ಎಂದುಕೊಂಡು ಕಷಾಯ ಕುಡಿದ, ಬೀಡಿ ಕಡಿಮೆ ಮಾಡಿದ. ಚಳಿಗಾಲ ಬಂದರೂ ಒಡಕು ಹೋಗಲಿಲ್ಲ. ಮಗಳು ಶಾಜಿಯಾ ಹಟ ಹಿಡಿದು ಹುಬ್ಬಳ್ಳಿಗೆ ಕರೆದುಕೊಂಡು ಹೋದಳು. ಅಲ್ಲಿನ ವೈದ್ಯರು ಪರೀಕ್ಷೆಗಳನ್ನೆಲ್ಲ ಮುಗಿಸಿ ಮುಚ್ಚುಮರೆ ಇಲ್ಲದೆ ಹೇಳಿದರು.

"ದನಿ ಪೆಟಗಿ ಪೂರಾ ತಗೀಬೇಕಾಗತೈತ್ರಿ. ಜೀವ ಉಳಿತೈತಿ. ಮಾತು ಉಳಿಯೂದಿಲ್ಲ."

ಜಲೀಲ್ ತಲೆಯಾಡಿಸಿದ. ಹೊರಗೆ ಬಂದಾಗ ಮಮತಾ ಎಂಬ ನರ್ಸ್ ಶಾಜಿಯಾಳನ್ನು ಪಕ್ಕಕ್ಕೆ ಕರೆದಳು. "ಆಪರೇಷನ್ನಿಗೆ ಇನ್ನೂ ಟೈಮ್ ಐತಿ. ಅಪ್ಪಾರ ಮಾತು ಫೋನಿನ್ಯಾಗ ಹಿಡದಿಟ್ಟುಕೋರಿ. ಆಮ್ಯಾಲೆ ಭಾಳ ಮಂದಿ ಅಳತಾರ, ನಾವ್ಯಾಕ ಹಿಡದಿಡಲಿಲ್ಲ ಅಂತ."

ಮನೆಗೆ ಬಂದ ಮೇಲೆ ಶಾಜಿಯಾ ಅದನ್ನೇ ಮಾಡಿದಳು. ಅಬ್ಬಾನನ್ನು ಹಿತ್ತಲ ಬಾಗಿಲ ಬಳಿ ಕೂರಿಸಿ ಫೋನ್ ಎದುರಿಗಿಟ್ಟಳು. ಜೀವಮಾನವೆಲ್ಲ ಮೈಕ್ ಹಿಡಿದವನು ಫೋನನ್ನು ಒಮ್ಮೆ, ಮಗಳನ್ನು ಒಮ್ಮೆ ನೋಡಿದ.

"ಏನು ಹೇಳಲಿ?" ಎಂದ ಮನೆಯ ಉರ್ದುವಿನಲ್ಲಿ.

"ಏನಾದರೂ ಹೇಳಿ ಅಬ್ಬಾ. ಅಮ್ಮಿಗೆ ಹೇಳುವ ಹಾಗೆ."

ನಿಧಾನಕ್ಕೆ ಶುರುವಾಯಿತು. ತನ್ನ ತಂದೆ ಮರದ ಡಿಪೋದ ಕೆಲಸಕ್ಕೆಂದು ಈ ಊರಿಗೆ ಬಂದದ್ದು, ಮದುವೆಗೆ ಮೊದಲು ಹೆಂಡತಿ ರಜಿಯಾಳನ್ನು ನೋಡಲು ಮುಂಡಗೋಡಕ್ಕೆ ಹೋದಾಗ ದಾರಿಯಲ್ಲಿ ಬಸ್ಸು ಕೆಟ್ಟು ಮಸಿ ಹತ್ತಿದ ಅಂಗಿಯಲ್ಲೇ ಅವಳ ಮನೆ ಹೊಕ್ಕದ್ದು, ಶಾಜಿಯಾ ಹುಟ್ಟಿದ ದಿನ ಅವಳ ಕಿವಿಯಲ್ಲಿ ಆಜಾನ್ ಹೇಳಲು ಹೋಗಿ ಸಾಲು ಮರೆತು ಮೊದಲಿನಿಂದ ಶುರುಮಾಡಿದ್ದು. ಪ್ರತಿ ಸಂಜೆ ಸ್ವಲ್ಪ ಸ್ವಲ್ಪ ಹೇಳಿದ. ನಡುನಡುವೆ ಕೆಮ್ಮಿದ, ನಕ್ಕ, ಒಮ್ಮೆ ಬೈದ. ಶಾಜಿಯಾ ಯಾವುದನ್ನೂ ಕತ್ತರಿಸಲಿಲ್ಲ. ಎಲ್ಲವೂ ವಿಡಿಯೊ. ಫೋನ್ ತುಂಬಿ ತಡವರಿಸತೊಡಗಿತು.

ಶಾಜಿಯಾ ಬಿ.ಕಾಂ. ಮುಗಿಸಿ ಹೆದ್ದಾರಿ ಬದಿಯ ಟೈರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಆಸ್ಪತ್ರೆಯ ಓಡಾಟಕ್ಕೆ ಅದೊಂದೇ ಫೋನ್. ರಿಪೋರ್ಟು, ಕಾರ್ಡು, ಸ್ಕ್ಯಾನಿನ ಚಿತ್ರ ಎಲ್ಲ ಅದರಲ್ಲೇ. ವಿಡಿಯೊಗಳನ್ನು ಎಲ್ಲಾದರೂ ಇಡಲೇಬೇಕಿತ್ತು. ಸೌಂಡ್ ಸರ್ವಿಸ್ ನಡೆಸುವ ಕಮಲಾಕರನ ಅಂಗಡಿಗೆ ಹೋದಳು. ಜಲೀಲನಿಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದವನು ಅವನೇ. ಇಬ್ಬರದೂ ಹಳೆಯ ಸ್ನೇಹ.

"ಪೆನ್ ಡ್ರೈವಿಗೆ ಹಾಕಿ ಕೊಡ್ತೆ ತಂಗಿ," ಎಂದ ಕಮಲಾಕರ. "ಕಪಾಟಿನಲ್ಲಿ ಇಟ್ಕೊ."

"ಪೆನ್ ಡ್ರೈವ್ ಕೆಡ್ತದೆ ಕಮಲಾಕರಣ್ಣ. ಕಳೆದೂ ಹೋಗ್ತದೆ. ಆನ್‌ಲೈನಲ್ಲಿ ಇಟ್ರೆ ಫೋನ್ ಹೋದ್ರೂ ಸಿಗ್ತದೆ."

"ಅಲ್ಲಿ ಇಡೂಕೆ ದುಡ್ಡು ಬೇಡ್ವಾ?"

"ಪುಕ್ಕಟೆ ಕೊಡುವವರೂ ಇದ್ದಾರೆ. ಹುಡುಕ್ತೇನೆ."

ಹುಡುಕಿದಳು. ಫೋನಿನ ಜೊತೆಗೇ ಬಂದಿದ್ದ ಖಾತೆ ಫೋಟೊಗಳಿಂದ ತುಂಬಿಹೋಗಿತ್ತು. ಹೆಸರುವಾಸಿಯಾದ ಇನ್ನೊಂದು ಕಂಪನಿ ಕೊಡುವ ಜಾಗದಲ್ಲಿ ಅಬ್ಬಾನ ಒಂದೆರಡು ಸಂಜೆಗಳಷ್ಟೇ ಹಿಡಿಯುತ್ತಿದ್ದವು. ಮತ್ತೊಂದು ದೊಡ್ಡ ಫೈಲನ್ನು ಒಳಗೇ ಬಿಡುತ್ತಿರಲಿಲ್ಲ. ಕೊನೆಗೆ ಯಾರೂ ಹೆಸರು ಕೇಳಿರದ ಒಂದು ಸಿಕ್ಕಿತು. ಜಾಗ ಧಾರಾಳ, ಎಷ್ಟು ದೊಡ್ಡ ವಿಡಿಯೊ ಆದರೂ ಆಗಬಹುದು. ಶಾಜಿಯಾ ನೋಡಿದ್ದು ಜಾಗವನ್ನು. ಇಟ್ಟದ್ದು ಅಲ್ಲಿ ಎಷ್ಟು ಕಾಲ ಇರುತ್ತದೆ ಎಂಬುದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅದನ್ನು ದಾಟಿ 'ಒಪ್ಪಿದೆ' ಎಂಬಲ್ಲಿ ಒತ್ತಿದಳು. ಇದಕ್ಕೆಂದೇ ಹೊಸದೊಂದು ಇ-ಮೇಲ್ ಮಾಡಿದಳು. ಟೈರ್ ಅಂಗಡಿಯ ವೈಫೈಯಲ್ಲಿ ವಿಡಿಯೊಗಳು ಒಂದೊಂದಾಗಿ ಮೇಲೇರಿದವು. ಎಲ್ಲವೂ ಸರಿಯಾಗಿ ತೆರೆಯುತ್ತವೆಯೇ ಎಂದು ಪರೀಕ್ಷಿಸಿ ಫೋನಿನಲ್ಲಿದ್ದವನ್ನು ಅಳಿಸಿದಳು.

ಆಪರೇಷನ್ ಆಯಿತು. ಜಲೀಲ್ ಬದುಕಿದ. ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ ಉಸಿರಾಡುತ್ತ, ಅದರ ಮೇಲೊಂದು ತೆಳು ಬಟ್ಟೆ ಕಟ್ಟಿಕೊಂಡು ಮನೆಗೆ ಬಂದ. ಹೇಳಬೇಕಾದ್ದನ್ನು ತನ್ನ ಹಳೆಯ ಫೋನಿನಲ್ಲಿ ಬರೆದು ತೋರಿಸುತ್ತಿದ್ದ. ಒಂದು ಮಧ್ಯಾಹ್ನ ಅವನು ಮಲಗಿದ್ದಾನೆಂದುಕೊಂಡು ರಜಿಯಾ ಅಡುಗೆಮನೆಯಲ್ಲಿ ಮಗಳಿಂದ ಒಂದು ವಿಡಿಯೊ ಹಾಕಿಸಿದಳು. ಮುಂಡಗೋಡದ ಬಸ್ಸು ಕೆಟ್ಟ ಕಥೆ. ಜಲೀಲ್ ಎದ್ದು ಬಂದು ಬಾಗಿಲಲ್ಲಿ ನಿಂತ. ತನ್ನ ನಗುವನ್ನು ತಾನೇ ಕೇಳಿದ. ಬೇಡ ಎಂಬಂತೆ ಕೈಯಾಡಿಸಿ, ಚಪ್ಪಲಿ ಮೆಟ್ಟಿ ಹೊರಗೆ ಹೋದವನು ಸಂಜೆಯವರೆಗೆ ಬರಲಿಲ್ಲ.

ಮತ್ತೆ ಯಾರೂ ಅದನ್ನು ತೆರೆಯಲಿಲ್ಲ. ರಜಿಯಾಗೆ ಆಸೆಯಾದಾಗ ಶಾಜಿಯಾ, "ಎಲ್ಲೂ ಹೋಗುವುದಿಲ್ಲ ಅಮ್ಮಿ, ಅಲ್ಲೇ ಇರುತ್ತದೆ. ಅಬ್ಬಾ ಸ್ವಲ್ಪ ಸುಧಾರಿಸಲಿ," ಎನ್ನುತ್ತಿದ್ದಳು. ಕ್ಯಾನ್ಸರಿಗೆ ಕೊಡುವ ರೇಡಿಯೇಶನ್ ಕರೆಂಟು ಹಾಕಿಸಿಕೊಳ್ಳಲು ಹುಬ್ಬಳ್ಳಿಗೆ ಓಡಾಡುವುದರಲ್ಲಿ ಬೇಸಿಗೆ ಕಳೆಯಿತು, ಇನ್ನೊಂದು ಮಳೆಗಾಲವೂ ಕಳೆಯಿತು.

ಮರುವರ್ಷ ರಂಜಾನ್ ಮುಗಿದ ಮೇಲೆ ಜಲೀಲ್ ತಾನಾಗಿಯೇ ಬರೆದು ತೋರಿಸಿದ: "ಮಾತಾಡಿದ್ದು ಹಾಕು. ಕೇಳುತ್ತೇನೆ."

ರಜಿಯಾ ಸೆರಗಿಗೆ ಕೈ ಒರೆಸಿಕೊಂಡು ಬಂದು ಅವನ ಪಕ್ಕ ಕೂತಳು. ಶಾಜಿಯಾ ತೆರೆದಳು. ಇಂಥ ಖಾತೆಯೇ ಇಲ್ಲ ಎಂದು ಬಂತು. ಪಾಸ್‌ವರ್ಡ್ ತಪ್ಪಿರಬೇಕೆಂದು ಮತ್ತೆ ಹಾಕಿದಳು. ಆಮೇಲೆ ಆ ಹೊಸ ಇ-ಮೇಲ್ ನೆನಪಾಗಿ ಅದನ್ನು ತೆರೆದಳು. ಮಾಡಿದ ದಿನದಿಂದ ಅದನ್ನು ನೋಡಿರಲಿಲ್ಲ. ನಿಮ್ಮ ಖಾತೆಯನ್ನು ಬಹಳ ದಿನದಿಂದ ಬಳಸಿಲ್ಲ, ಒಮ್ಮೆ ತೆರೆಯಿರಿ, ಇಲ್ಲದಿದ್ದರೆ ಫೈಲುಗಳನ್ನು ತೆಗೆಯಬೇಕಾಗುತ್ತದೆ ಎಂಬ ಸೂಚನೆಗಳು ಒಂದರ ಮೇಲೊಂದು ಬಿದ್ದಿದ್ದವು. ಕೊನೆಯದರಲ್ಲಿ ತೆಗೆದಿದ್ದೇವೆ ಎಂದಿತ್ತು.

ಅವಳು ಅವರಿಗೆ ಬರೆದಳು. ತಂದೆಯ ಸ್ಥಿತಿಯನ್ನೆಲ್ಲ ವಿವರಿಸಿ ಬೇಡಿಕೊಂಡಳು. ಅಳಿಸಿದ್ದನ್ನು ಮರಳಿ ಕೊಡಲು ಸಾಧ್ಯವಿಲ್ಲ, ನಮ್ಮ ಸೇವೆ ಬಳಸಿದ್ದಕ್ಕೆ ವಂದನೆಗಳು ಎಂದು ಉತ್ತರ ಬಂತು. ಜಲೀಲ್ ಅದನ್ನು ಓದಿಸಿಕೊಂಡ. ಫೋನ್ ತೆಗೆದುಕೊಂಡು ಬರೆದ: "ಕೇಳಬೇಡಿ ಅಂದವನು ನಾನೇ." ಮಗಳ ತಲೆಯ ಮೇಲೆ ಕೈಯಿಟ್ಟ. ಶಾಜಿಯಾಗೆ ಅದರಿಂದ ಸಮಾಧಾನವಾಗಲಿಲ್ಲ. ಟೈರ್ ಅಂಗಡಿಯಲ್ಲಿ ಕೂತಲ್ಲೇ ಕಣ್ಣು ತುಂಬಿಕೊಳ್ಳುತ್ತಿದ್ದಳು.

ಸುದ್ದಿ ಕೇಳಿ ಕಮಲಾಕರ ತನ್ನ ಹಳೆಯ ಕಂಪ್ಯೂಟರನ್ನೆಲ್ಲ ಜಾಲಾಡಿದ. ಜಲೀಲನ ದನಿಯ ಹಳೆಯ ರೆಕಾರ್ಡಿಂಗ್ ಒಂದಿಷ್ಟು ಸಿಕ್ಕಿತೆಂದು ಮನೆಗೇ ತಂದ.

"ಇಷ್ಟೇ ಇರೂದು ಭಾಯ್," ಎಂದ. "ಒಳ್ಳೇದೆಲ್ಲ ನಾನೂ ಇಟ್ಕೊಳ್ಳಲಿಲ್ಲ. ದಿನಾ ಕೇಳೂ ದನಿ ಅಲ್ವಾ, ಎಂತಕ್ಕೆ ಇಟ್ಕೊಳ್ಳೂದು ಅಂತ."

ಹಾಕಿದ. ನೀರು ಸರಬರಾಜು ಇರುವುದಿಲ್ಲ, ಸಾರ್ವಜನಿಕರು ಸಹಕರಿಸಬೇಕು. ಪೋಲಿಯೊ ಹನಿ. ಯಾವುದೋ ಪಂದ್ಯದ ಕೊನೆಯ ಸೆಟ್ಟು. ಗಟ್ಟಿಯಾದ, ತುಂಬಿದ, ಶುದ್ಧ ಕನ್ನಡದ ದನಿ. ಜಲೀಲ್ ಕಣ್ಣು ಮುಚ್ಚಿ ಕೇಳಿದ. ರಜಿಯಾ ಕೊನೆಯವರೆಗೂ ಕೂತು, ಕಮಲಾಕರನಿಗೆ ಚಹಾ ಕೊಟ್ಟು ಕಳಿಸಿ, ಆಮೇಲೆ ಮಗಳಿಗೆ ಹೇಳಿದಳು: "ಇದು ಅವರು ಊರಿಗೆ ಮಾತಾಡಿದ್ದು. ಮನೆಯಲ್ಲಿ ಅವರು ಹೀಗೆ ಎಲ್ಲಿ ಮಾತಾಡುತ್ತಿದ್ದರು?"

ಶಾಜಿಯಾ ಅವನ್ನು ಪೆನ್ ಡ್ರೈವಿಗೆ ಹಾಕಿದಳು, ಫೋನಿನಲ್ಲಿ ಇಟ್ಟುಕೊಂಡಳು. ಇನ್ನೊಂದು ಕಂಪನಿಯ ನಿಯಮವನ್ನು ಸಾಲುಸಾಲಾಗಿ ಓದಿ ಅಲ್ಲಿಯೂ ಇಟ್ಟಳು. ಈಗ ತಪ್ಪದೆ ತೆರೆದು ನೋಡುತ್ತಾಳೆ. ಇದೆ, ನೀರು ಸರಬರಾಜು ಇದೆ, ಪೋಲಿಯೊ ಇದೆ.

ಒಂದು ಸಂಜೆ ಅಕ್ಕಿ ಆರಿಸುತ್ತಿದ್ದ ರಜಿಯಾ ಇದ್ದಕ್ಕಿದ್ದಂತೆ ಕೇಳಿದಳು. "ನನ್ನನ್ನು ಹೇಗೆ ಕರೆಯುತ್ತಿದ್ದರು, ನೀನು ಕರೆದು ತೋರಿಸು."

"ರಜ್ಜೂ," ಎಂದಳು ಶಾಜಿಯಾ.

"ಹಾಗಲ್ಲ. ಕೊನೆಗೆ ಸ್ವಲ್ಪ ಇಳಿಯುತ್ತಿತ್ತು."

ಶಾಜಿಯಾ ಮತ್ತೆ ಕರೆದಳು. ಅದೂ ಸರಿಯಾಗಲಿಲ್ಲ. ಗೋಡೆಗೊರಗಿ ಕೂತಿದ್ದ ಜಲೀಲ್ ಇಬ್ಬರನ್ನೂ ನೋಡಿದ. ತುಟಿ ಅಲುಗಿಸಿದ. ಕುತ್ತಿಗೆಯ ಬಟ್ಟೆ ಸ್ವಲ್ಪ ಎದ್ದು ಬಿತ್ತು, ಗಾಳಿ ಹೊರಟ ಸದ್ದಷ್ಟೇ ಬಂತು. ರಜಿಯಾ ತಲೆ ತಗ್ಗಿಸಿ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು. ಮತ್ತೆಂದೂ ಕೇಳಲಿಲ್ಲ.

ಆಟೋ ಮಾರಿಯಾಯಿತು. ಜಲೀಲ್ ಈಗ ಹಗಲೆಲ್ಲ ಕಮಲಾಕರನ ಅಂಗಡಿಯಲ್ಲಿ ಕೂತು ಕಡಿದ ವೈರುಗಳನ್ನು ಬೆಸೆಯುತ್ತಾನೆ. ಊರಿನ ಸೂಚನೆಗಳನ್ನು ಬೇರೆ ಯಾರೋ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಅದನ್ನು ಸಾರುವ ಗಾಡಿ ಅಂಗಡಿಯ ಮುಂದೆ ಹಾದುಹೋಗುವಾಗ ಅವನು ಕೆಲಸ ನಿಲ್ಲಿಸಿ ಪೂರ್ತಿ ಕೇಳಿ, ಮತ್ತೆ ವೈರು ಕೈಗೆತ್ತಿಕೊಳ್ಳುತ್ತಾನೆ.