ಒನಕೆಗೆ ಉದ್ದವಾದ ಊರು

ಆಗ ನನಗೆ ಹದಿನಾಲ್ಕು. ಅರವತ್ತು ವರ್ಷ ಆಯಿತು. ಮದುವೆಯಾಗಿ ಗಾವಡಗೆರೆಯಿಂದ ಮಿರ್ಲೆಗೆ ಬಂದ ಎಂಟನೇ ದಿನ ಒಂದು ಒರಳು ಅಕ್ಕಿಯನ್ನು ಪುಡಿ ನುಚ್ಚು ಮಾಡಿ ಇಟ್ಟೆ. ಕಾರಣ? ಒಂದು ಪದ. ಹಾಡೋ ಪದ.

ಈಗ ಯಾಕೆ ಈ ಮಾತು ಅಂತೀರಾ? ಹೋದ ವಾರ ಮೊಮ್ಮಗಳು ಪೇಪರ್ ಹಿಡಿದು ಊರು ಬಿಟ್ಟವರ ಕವನ ಓದಿ ಹೇಳಿದಳು. ಆ ಮರ, ಈ ಕೆರೆ, ಕಣ್ಣೀರು. ಚೆನ್ನಾಗಿಯೇ ಇತ್ತು. ಆದರೆ ಬರೆದವರೆಲ್ಲ ಕುರ್ಚಿ ಮೇಲೆ ಕೂತವರು. ಕೂತು ಬರೆಯೋರಿಗೆ ಸಾಲು ಉದ್ದವಾದರೆ ಏನು ನಷ್ಟ?

ನನ್ನ ತವರು ಗಾವಡಗೆರೆ ರಾಗಿ ಸೀಮೆ. ಬೀಸುವ ಕಲ್ಲು ಸುತ್ತುತ್ತಲೇ ಇರುತ್ತೆ, ಪದವನ್ನು ಎಷ್ಟು ಬೇಕಾದರೂ ಎಳೆಯಬಹುದು. ಮದುವೆ ಗೊತ್ತಾದ ಮೇಲೆ ನಾನೇ ಒಂದು ಕಟ್ಟಿದ್ದೆ.

ಗಾವಡಗೆರೆ ದಾರೀಲಿ ಗಾಳೀನೂ ನನ್ನ ನೆಂಟ
ಬತ್ತೀನಿ ಕಣವ್ವ, ಬಾಗ್ಲ ಹಾಕಬ್ಯಾಡ

ತಂದದ್ದು ಎರಡು ಸೀರೆ, ಈ ಪದ. ಅಷ್ಟೆ.

ಮಿರ್ಲೆ ಕಾಲುವೆ ನೀರಿನ ಊರು, ಕೃಷ್ಣರಾಜನಗರದ ಕಡೆ. (ಅದು ಕಾಗದದ ಮೇಲಿನ ಹೆಸರು. ನಮ್ಮ ಬಾಯಿಗೆ ಎಡತೊರೆಯೇ.) ಅಲ್ಲಿ ಬೀಸೋದು ಕಮ್ಮಿ, ಭತ್ತ ಕುಟ್ಟೋದೇ ಹೆಚ್ಚು. ಒಂದೇ ಒರಳಿಗೆ ಇಬ್ಬರು ಎದುರುಬದುರು ನಿಂತು ಒನಕೆ ಹಾಕಬೇಕು. ನನ್ನದೊಂದು ಏಟು, ಅವಳದೊಂದು ಏಟು. ನನ್ನ ಎದುರು ಓರಗಿತ್ತಿ ಕೆಂಪಮ್ಮ.

ನಾನು ಬಾಯಿ ತೆಗೆದೆ. ‘ಗಾವಡ’ ಅಂದಾಗ ನನ್ನ ಒನಕೆ ಬಿತ್ತು. ‘ಗೆರೆ’ ಮುಗಿಯೋವರೆಗೆ ಅವಳ ಒನಕೆ ಕಾಯುತ್ತಾ? ಊರಿನ ಹೆಸರಿನ ಮಧ್ಯದಲ್ಲೇ ಒನಕೆಗೆ ಒನಕೆ ತಗುಲಿತು. ಗಾಬರಿಗೆ ಇನ್ನೂ ಜೋರಾಗಿ ಕುಟ್ಟಿದೆ. ಅಕ್ಕಿ ಹೋಯಿತು.

ಅತ್ತೆ ಮೊರದಲ್ಲಿ ಕೇರಿ ನೋಡಿದರು. “ಏನಮ್ಮಿ, ಇದ ಕೋಳಿಗಾಕ್ಲಾ, ನಿನ್ ಗಂಡಂಗಿಕ್ಲಾ? ಬಾಯಿ ಮುಚ್ಕೊಂಡು ಕುಟ್ಟು.”

ಮುಚ್ಚಿದೆ. ಒಂದು ತಿಂಗಳು. ಅಕ್ಕಿ ಇಡಿಯಾಗಿ ಬಂತು. ಆದರೆ ಗಾವಡಗೆರೆ ಕಂಡವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಗಂಡ ಮಾತಾಡುತ್ತಿದ್ದದ್ದು ಎತ್ತಿನ ಜೊತೆ. ಅಲ್ಲಿ ನನ್ನ ಊರು ಇದ್ದದ್ದು ನನ್ನ ಬಾಯಲ್ಲಿ ಮಾತ್ರ. ಬಾಯಿ ಮುಚ್ಚಿದರೆ ಅದು ಎಲ್ಲಿರುತ್ತೆ, ನೀವೇ ಹೇಳಿ.

ಒಂದು ಮಧ್ಯಾಹ್ನ ಕೆಂಪಮ್ಮನೇ ಒನಕೆ ನಿಲ್ಲಿಸಿದಳು. “ಸುಮ್ಕೆ ಕುಟ್ಟಿದ್ರೆ ತೋಳು ಬಿದ್ದೋಯ್ತದೆ ಕಣಮ್ಮಿ. ನಿನ್ ಪದ ಏಳು. ಊರ ಎಸ್ರು ಮಾತ್ರ ಕತ್ತರ್ಸು, ಶಾನೆ ಉದ್ದ.”

“ಕತ್ತರ್ಸದು ಎಂಗಕ್ಕ? ಬರೀ ಗಾವ್ಡ ಅಂದ್ರೆ ಯಾರ್ಗೆ ಗೊತ್ತಾಯ್ತದೆ?”

“ಪೂರ್ತಿ ಅಂದ್ರೆ ತಾನೆ ಇಲ್ಲಿ ಯಾರ್ಗೆ ಗೊತ್ತು? ಮಿರ್ಲೆ ಅನ್ನು. ಒಂದೇ ಏಟು.”

ಅಂದೆ. ಒನಕೆಗೆ ಸರಿಯಾಗಿ ಕೂತುಬಿಟ್ಟಿತು, ಹಾಳಾದ್ದು.

ಪಕ್ಕದ ಮನೆ ಹೆಂಗಸರು ಗೋಡೆಯಾಚೆಯಿಂದ ಹಿಡಿದುಕೊಂಡರು. ಸಂಜೆಯೊಳಗೆ ನಾಲ್ಕು ಮನೆಯಲ್ಲಿ ಮಿರ್ಲೆ ದಾರಿ, ಮಿರ್ಲೆ ಗಾಳಿ. ಅತ್ತೆ ಜಗಲಿ ಮೇಲೆ ಕೂತು ಎದುರು ಮನೆಯವಳಿಗೆ ಹೇಳುತ್ತಿದ್ದರು. “ನಮ್ಮೂರ ಮ್ಯಾಲೆ ಪದ ಕಟ್ಟವಳೆ ಕಣವ್ವ ನಮ್ ಸೊಸೆ. ಬಾಗ್ಲ ಆಕ್ಬ್ಯಾಡ ಅಂತ ನಂಗೇ ಏಳವಳೆ.”

ಆ ಬಾಗಿಲು ಯಾವ ಊರಿನದು, ಆ ಅವ್ವ ಯಾರು ಅಂತ ಹೇಳಬಹುದಿತ್ತು. ಆವತ್ತು ಮೊದಲ ಸಲ ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಕ್ಕಿಕ್ಕಿದರು. ಉಂಡೆ. ಎರಡನೇ ಸಲ ಹಾಕಿಸಿಕೊಂಡೂ ಉಂಡೆ. ಹಸಿವಿತ್ತಲ್ಲ.

ಮಾರನೇ ಬೆಳಿಗ್ಗೆ ಒರಳಿಗೆ ಭತ್ತ ಸುರಿದು, ಕೆಂಪಮ್ಮ ಬರುವ ಮೊದಲೇ, ಮಿರ್ಲೆ ಅಂತ ನಾನೇ ಶುರು ಮಾಡಿದೆ.