ಜಾಬ್ ಕಾರ್ಡಿನ ಮೇಲೊಂದು ಷರಾ

2023ರ ಮಾರ್ಚ್‌ನಲ್ಲಿ ನಾನು ಗಂಗಾವತಿಯ ಒಂದು ಕಾರ್ ವರ್ಕ್‌ಶಾಪಿನಲ್ಲಿ ಸರ್ವಿಸ್ ಅಡ್ವೈಸರ್ ಆಗಿದ್ದೆ. ಗ್ರಾಹಕರ ದೂರು ಕೇಳಿ, ವಾಹನ ಪರೀಕ್ಷಿಸಿ, ಜಾಬ್ ಕಾರ್ಡ್ ಬರೆಯುವುದು ನನ್ನ ಕೆಲಸ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷವಾಗಿತ್ತು.

ಕನಕಗಿರಿಯ ಶಾಲೆಗೆ ನಾಲ್ವರು ಶಿಕ್ಷಕಿಯರನ್ನು ದಿನವೂ ಒಯ್ಯುತ್ತಿದ್ದ ಕಾರೊಂದು ಒಂದೇ ವಾರದಲ್ಲಿ ಎರಡು ಸಲ ಬಂತು. ಮುಂದಿನ ಎಡ ಚಕ್ರ ಸುಡುವಷ್ಟು ಬಿಸಿಯಾಗಿ ಗಾಡಿ ಎಳೆಯುವುದಿಲ್ಲ ಎಂಬುದು ಚಾಲಕ ಮೆಹಬೂಬ್‌ಸಾಬರ ದೂರು. ಲಿಫ್ಟ್‌ಗೆ ಏರಿಸಿದರೆ ಚಕ್ರ ಸಲೀಸಾಗಿ ತಿರುಗುತ್ತಿತ್ತು. ಬ್ರೇಕ್ ಪ್ಯಾಡ್‌ಗಳು ಹೊಸವು. ಅವನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಸರಿಯಿತ್ತು. ಕ್ಯಾಲಿಪರ್‌ಗೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಹೋಸ್‌ನಲ್ಲಿ ಬಿರುಕಿಲ್ಲ, ಉಬ್ಬಿಲ್ಲ, ಸೋರಿಕೆಯೂ ಇಲ್ಲ.

"ನಿಮ್ಮ ಮುಂದ ಭಾಳ ಶ್ಯಾಣ್ಯಾ ಆಗ್ತೈತ್ರಿ ಮೇಡಂ ಇದು, ಸಾಹೇಬ್ರು ಬಂದಾಗ ಸಾಲಿ ಹುಡುಗ್ರು ಆದಂಗ," ಎಂದರು ಅವರು.

ನನಗೆ ನಗು ಬರಲಿಲ್ಲ. ಎರಡನೆಯ ಸಲ ಬಂದಾಗ ಏನೂ ತೋಚದೆ ಜಾಬ್ ಕಾರ್ಡಿನಲ್ಲಿ ಷರಾ ಬರೆದೆ: 'ದೋಷವಿಲ್ಲ. ಚಾಲಕರು ಪೆಡಲ್ ಮೇಲೆ ಕಾಲಿಟ್ಟು ಓಡಿಸುತ್ತಿರಬಹುದು.'

ಶುಕ್ರವಾರ ಅವರು ಮತ್ತೆ ಬಂದರು. ಈ ಸಲ ಚಕ್ರದ ಮಾತೇ ಎತ್ತಲಿಲ್ಲ.

"ನಿಮ್ಮ ಚೀಟಿ ನೋಡಿ ಮಾಲಕ್ರು, ಸೋಮವಾರದಿಂದ ಬ್ಯಾರೆ ಡ್ರೈವರ್ ಬರ್ತಾನ ಅಂದಾರ್ರಿ. ಇಪ್ಪತ್ತೆರಡು ವರ್ಷ ಆತು ನಾ ಸ್ಟೇರಿಂಗ್ ಹಿಡದು. ನೀವ ಬಾಜೂಕ ಕುಂತು ನನ್ನ ಕಾಲು ನೋಡ್ರಿ."

ಪಾನಾ ಚೀಲ ಹಿಡಿದು ಕುಳಿತೆ. ಕನಕಗಿರಿ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್ ಆಗುವಷ್ಟರಲ್ಲಿ ಗಾಡಿ ಭಾರವಾಯಿತು. ಅವರ ಕಾಲು ಪೆಡಲ್ ಮೇಲಿರಲಿಲ್ಲ. ಜಾಕ್ ಹಚ್ಚಿ ಎತ್ತಿದರೆ ಚಕ್ರ ಅಲುಗಲೇ ಇಲ್ಲ. ಹೋಸ್‌ಗೆ ಆಯಿಲ್ ಬರುವ ಮೇಲಿನ ಜೋಡಣೆ ಸಡಿಲಿಸಿದೆ, ಆಗಲೂ ಚಕ್ರ ಬಿಗಿ. ಕ್ಯಾಲಿಪರ್‌ನ ಆಯಿಲ್ ಹೊರಬಿಡುವ ಬ್ಲೀಡರ್ ಸ್ಕ್ರೂ ತೆರೆದಾಗ ಆಯಿಲ್ ಚಿಮ್ಮಿ, ಚಕ್ರ ತಿರುಗಿತು. ಹೋಸ್ ಒಳಗೇ ಕಟ್ಟಿಕೊಂಡಿತ್ತು. ಪೆಡಲ್ ಒತ್ತಿದಾಗ ಹೋದ ಆಯಿಲ್, ಬಿಟ್ಟಾಗ ಮರಳುತ್ತಿರಲಿಲ್ಲ. ಗಾಡಿ ನಿಂತು ತಣ್ಣಗಾಗುವಷ್ಟರಲ್ಲಿ ಮೆಲ್ಲಗೆ ಜಿನುಗಿ ಬರುತ್ತಿತ್ತು. ಹಾಗಾಗಿ ನಮ್ಮ ಲಿಫ್ಟಿನ ಮೇಲೆ ಎಲ್ಲವೂ ಸರಿ.

ಗಾಡಿಯನ್ನು ಎಳೆಸಿಕೊಂಡು ಬಂದು ಮುಂದಿನ ಎರಡೂ ಹೋಸ್ ಬದಲಿಸಿದೆವು. ಹೊಸ ತಾಮ್ರದ ವಾಷರ್ ಹಾಕಿ, ಪೈಪಿನೊಳಗಿನ ಗಾಳಿ ತೆಗೆದೆವು.

ಕಾರಣ ಮಾತ್ರ ಸ್ಪಷ್ಟವಾಗಲಿಲ್ಲ. ಹಿಂದಿನ ತಿಂಗಳು ಪ್ಯಾಡ್ ಬದಲಿಸಿದ್ದು ನಮ್ಮಲ್ಲೇ. ಅಂದು ನಾನೇ ತೆಗೆದ ಫೋಟೊ ಹುಡುಕಿ ನೋಡಿದೆ: ಬಿಚ್ಚಿದ ಕ್ಯಾಲಿಪರ್ ಹೋಸ್‌ಗೇ ಜೋತುಬಿದ್ದಿದೆ. ಅದನ್ನು ತಂತಿಯಿಂದ ಕಟ್ಟಬೇಕಿತ್ತು. ಆ ಭಾರಕ್ಕೆ ಹೋಸ್‌ನ ಒಳಪದರ ಹರಿದು ಆಯಿಲ್ ದಾರಿ ಕಟ್ಟಬಹುದು. ಹೋಸ್ ಹಳೆಯದೂ ಆಗಿತ್ತು. ಯಾವುದರಿಂದ ಎಂದು ಇಂದಿಗೂ ಹೇಳಲಾರೆ.

ಕಾರಿನ ಮಾಲೀಕ ಶರಣಪ್ಪನವರಿಗೆ ಫೋನಿನಲ್ಲಿ ಇದಿಷ್ಟನ್ನೂ, ನನ್ನ ಷರಾ ತಪ್ಪೆಂಬುದನ್ನೂ ಹೇಳಿದೆ.

"ಹಂಗಾರ ನಮ್ಮ ಮೆಹಬೂಬನ ಕಾಲು ಛಲೋ ಐತಿ ಅನ್ರಿ. ಸೋಮವಾರ ಅವನ ಬರ್ಲಿ," ಎಂದರು.

ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಮೆಹಬೂಬ್‌ಸಾಬರು, "ಅದನ್ನೂ ಬರದು ಕೊಡ್ರಿ ಮೇಡಂ, ಅವರು ಕಾಗದ ನಂಬೋ ಮಂದಿ," ಎಂದರು. ಬರೆದು ಸಹಿ ಹಾಕಿ ಕೊಟ್ಟೆ.

ನಾವು ಕಾಣದ್ದನ್ನು ಬರೆದರೆ ಅದು ಯಾರದೋ ಅನ್ನಕ್ಕೆ ಅಡ್ಡ ಬರುತ್ತದೆ. ಈಗ ತಿಳಿಯದಿದ್ದಲ್ಲಿ 'ಕಾರಣ ತಿಳಿದಿಲ್ಲ' ಎಂದೇ ಬರೆಯುತ್ತೇನೆ. ಮ್ಯಾನೇಜರು ಗೊಣಗುತ್ತಾರೆ, ಗೊಣಗಲಿ.